ಜಾಗ ತಪ್ಪಿದ ದೀರ್ಘ

ಕಬ್ಬನ್‌ಪೇಟೆಯ ಒಂದು ಅಡ್ಡಗಲ್ಲಿ.
ಮಗ್ಗ ಕಿತ್ತ ಮೇಲೆ ಉಳಿದ ಗುಂಡಿ,
ಗುಂಡಿಯಲ್ಲಿ ಇನ್ನೂ ಎಣ್ಣೆ ಜಿಡ್ಡು.
ಅದರ ಮೇಲೇ ಚಾಪೆ ಹಾಸಿ ಕೂತೆವು
ಸಂಘ ಕಟ್ಟುವುದಕ್ಕೆ.

ಬಾಡಿಗೆ ಬೇಡ ಅಂದಿದ್ದರು ಏಕಾಂಬರಯ್ಯ,
ಸದ್ದು ಮಾಡಿ ಸಾಕು.
ಮಗ್ಗ ಮಾರಿದ ರಾತ್ರಿಯಿಂದ ನಿದ್ದೆ ಹತ್ತುತ್ತಿಲ್ಲ.
ಗೋಡೆಯಾಚೆ ಲಟಪಟ ಕೇಳುತ್ತಿದೆಯಲ್ಲ ಅಂದರೆ
ಅದು ಪಕ್ಕದವರ ಸದ್ದು, ನನ್ನದಲ್ಲ ಅಂದರು.

ಏಳು ಸಹಿ ಬೇಕಂತೆ ನೋಂದಣಿಗೆ.
ಏಳು ಜನ ಸಿಕ್ಕಿದರು, ಏಳು ದಿಕ್ಕಿಂದ.
ಕಲಾಸಿಪಾಳ್ಯದ ಬ್ಯಾಂಡ್ ಸೆಟ್ಟಿನ ಇನಾಯತ್ ಸಾಬರು
ಬಂದವರೇ ಕ್ಲಾರಿಯೊನೆಟ್ಟಿನ ಪೆಟ್ಟಿಗೆ ತಲೆದಿಂಬು ಮಾಡಿ ಒರಗಿ
'ಮದುವೆಗಳನ್ನು ಡಿಜೆ ತಗೊಂಡ.
ನಮಗೆ ಉಳಿದದ್ದು ಹೆಣ. ಅವೂ ಈಗ
ವ್ಯಾನಿನಲ್ಲಿ ಓಡ್ತಾವೆ, ಹಿಂದೆ ಓಡೋಕೆ ದಮ್ಮಿಲ್ಲ' ಅಂದರು.

ಮೊದಲು ಪ್ರಾರ್ಥನೆ ಅಂದರು ಇಗ್ನೇಷಿಯಸ್ ಮಾಸ್ಟರು.
ಯಾರದು?
ಎಲ್ಲರೂ ಎಲ್ಲರ ಮುಖ ನೋಡಿದೆವು.
ಅಷ್ಟು ಹೊತ್ತೂ ಪಕ್ಕದ ಮಗ್ಗ ಹೊಡೆದುಕೊಳ್ಳುತ್ತಿತ್ತು.
ಅದೇ ಆಯಿತು, ಮುಂದಿನ ವಿಷಯ ಅಂದಳು ಗಂಗಹನುಮಕ್ಕ,
ಮಾರ್ಕೆಟ್ಟಿನ ಹೂವಿನವರ ಮುಖಂಡಳು,
ಮಾತಾಡುವಾಗಲೂ ಮೊಳ ಹಾಕುವ ಕೈ ಅವಳದು.

ಚಹಾ ಬಂತು. ಆರು ಗಾಜಿನ ಲೋಟ,
ಒಂದು ಪೇಪರ್ ಕಪ್ಪು.
ತಮಟೆಯನ್ನು ಹೊಸ್ತಿಲಾಚೆ ಒರಗಿಸಿ
ಬಾಗಿಲ ಪಕ್ಕ ಕೂತಿದ್ದರು ಪೆಂಚಲಯ್ಯ,
ಪೌರಕಾರ್ಮಿಕರನ್ನು ಹನ್ನೊಂದು ದಿನ ಮುಷ್ಕರಕ್ಕೆ ಕೂರಿಸಿದವರು.
ಕಪ್ಪನ್ನು ಹುಡುಗ ಅವರತ್ತ ಚಾಚುವುದರೊಳಗೆ
ಗಂಗಹನುಮಕ್ಕ ಕಿತ್ತುಕೊಂಡು ಸೊರ್ ಎಂದು ಕುಡಿದಳು.
ಏಕಾಂಬರಯ್ಯ ನೆಲ ನೋಡಿದರು.
ಮರುವಾರ ಏಳೂ ಗಾಜಿನ ಲೋಟ.
ನಮ್ಮ ಮೊದಲ ನಿರ್ಣಯ ಅದೇ,
ನಡಾವಳಿ ಪುಸ್ತಕದಲ್ಲಿಲ್ಲ.
ತಮಟೆ ಒಳಗೆ ಬಂದದ್ದು ಇನ್ನೂ ಎರಡು ವಾರ ಬಿಟ್ಟು.

ನಾನು ಬೋರ್ಡು ಬರೆಯುವವ.
ಫ್ಲೆಕ್ಸ್ ಬಂದ ವರ್ಷ ಬ್ರಷ್ಷು ತೊಳೆದು ಡಬ್ಬಕ್ಕೆ ಹಾಕಿದೆ.
ಅಕ್ಷರ ದುಂಡಗಿದೆ ಅಂತ ಕಾರ್ಯದರ್ಶಿ ಮಾಡಿದರು.
ಉದ್ದೇಶಗಳು ಎಂದು ಬರೆದು ಕೆಳಗೆ ಗೆರೆ ಎಳೆದೆ.
ನಾಟಕ ಅಂತ ಬರೀಬೇಡಿ, ಕೂತ್ತು ಅಂತ ಬರೀರಿ,
ಹಲಸೂರಿನ ಸೆಲ್ವಾಂಬಾಳ್ ತಡೆದರು.
ನಾಟಕ ಎರಡು ಗಂಟೆಗೆ ಮುಗಿಯುತ್ತೆ,
ಕೂತ್ತು ಮುಗಿಯೋಕೆ ಬೆಳಗಾಗಬೇಕು.
ಬರೆದೆ.

ಹೆಸರಿಗೆ ಮೂರು ಭಾನುವಾರ ಹೋಯಿತು.
ಅಧ್ಯಕ್ಷರು ಯಾರೆಂಬುದಕ್ಕೆ ಒಂದು ಜಗಳ,
ಒಬ್ಬರು ಎದ್ದು ಹೋಗಿ ಚಪ್ಪಲಿ ಮರೆತದ್ದರಿಂದ ವಾಪಸು ಬಂದರು.
(ಯಾರೆಂದು ಹೇಳುವುದಿಲ್ಲ.)
ಕೊನೆಗೆ ಪೇಟೆ ಕಲಾಕೂಟ ಅಂತಾಯಿತು.
ಅವೆನ್ಯೂ ರಸ್ತೆಯಲ್ಲಿ ರಬ್ಬರ್ ಮೊಹರು ಮಾಡಿಸಿ ತಂದೆ,
ನೇರಳೆ ಶಾಯಿಗೆ ಅದ್ದಿ ಒತ್ತಿದೆ, ಊದಿದೆ, ಓದಿದೆ:
ಪೇಟೆ ಕಾಲಕೂಟ.

ಒಂದು ದೀರ್ಘ, ಒಂದೇ ಒಂದು,
ಲ ಬಿಟ್ಟು ಹಿಂದೆ ಸರಿದು ಕ-ಕ್ಕೆ ಅಂಟಿತ್ತು.

ಹಾಗಂದರೇನು ಅಂತ ಇನಾಯತ್ ಸಾಬರು.
ವಿಷ, ಅಂದರು ಪೆಂಚಲಯ್ಯ,
ದೇವರೂ ರಾಕ್ಷಸರೂ ಕೂಡಿ ಕಡಲು ಕಡೆದರಲ್ಲ,
ಮೊದಲು ಬಂದದ್ದು.
ಕುಡಿದವನು ಸತ್ತನೇ?
ಇಲ್ಲ, ಗಂಟಲಲ್ಲೇ ಇಟ್ಟುಕೊಂಡ.
ಹಾಗಾದರೆ ಸರಿ, ಅಂದರು ಸೆಲ್ವಾಂಬಾಳ್,
ನಾವೂ ಎಲ್ಲಾನೂ ಇಟ್ಟುಕೊಳ್ಳೋದು ಅಲ್ಲೇ.

ನಗು ನಿಂತ ಮೇಲೆ ಲೆಕ್ಕ ನೋಡಿದೆವು.
ಡಬ್ಬದಲ್ಲಿ ಇನ್ನೂರ ಅರವತ್ತು, ಕರೆಂಟ್ ಬಿಲ್ಲು ಮುನ್ನೂರು.
ಹೊಸ ಮೊಹರಿನ ಮಾತೇ ಇಲ್ಲ.
ಹೂವಿನ ದಾರ ಕುಯ್ಯುವ ಬ್ಲೇಡು ತೆಗೆದು
ಗಂಗಹನುಮಕ್ಕ ಕ-ದ ದೀರ್ಘವನ್ನು ಕತ್ತರಿಸಿದಳು.
ತಲೆಕಟ್ಟು ಒಂಚೂರು ಗಾಯವಾಯಿತು, ಇರಲಿ.
ಲ-ದ ದೀರ್ಘ ಮಾತ್ರ
ಪ್ರತಿ ರಸೀದಿಗೂ ನಾನೇ ಕೈಯಾರೆ ಎಳೆಯಬೇಕು.

ಎಳೆಯುತ್ತೇನೆ.
ಲ-ದ ನೆತ್ತಿಯಿಂದ ಬಲಕ್ಕೆ, ಬಗ್ಗಿಸಿ, ಕೆಳಕ್ಕೆ.
ಕೈ ಈಗ ಸ್ವಲ್ಪ ನಡುಗುತ್ತದೆ.
ಶಾಯಿ ಆರುವವರೆಗೂ
ರಸೀದಿ ಯಾರಿಗೂ ಕೊಡುವುದಿಲ್ಲ.